ಬೇಗ ಬಂದ ತೆನೆ

ಅವಳು ಬರೆದುಕೊಟ್ಟದ್ದು ನಾಲ್ಕು ವಾಕ್ಯ. ಅಚ್ಚಾಗಿ ಬಂದದ್ದು ಒಂದೇ ಸಾಲು: ‘ಬೇಗ ಬಿತ್ತಿ, ಹೆಚ್ಚು ಬೆಳೆಯಿರಿ.’

ಗೋಧಿ ಸಂಶೋಧನಾ ಕೇಂದ್ರದ ಮೆಟ್ಟಿಲ ಬಳಿ ಆ ಭಿತ್ತಿಪತ್ರವನ್ನು ಮೊದಲ ಸಲ ನೋಡಿದಾಗ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ರೈತ ಹಲ್ಲು ಬಿಡುತ್ತ ನಿಂತಿದ್ದ. ಅವನ ಹಿಂದೆ ತೂಗುತ್ತಿದ್ದ ಬೆಳೆ ಗೋಧಿಯೂ ಆಗಿರಲಿಲ್ಲ, ಬಾರ್ಲಿ! ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅವಳ ಹೆಸರು.

ನಿರ್ದೇಶಕರ ಕೋಣೆಗೆ ಅವಳು ಬಾಗಿಲು ತಟ್ಟದೆಯೇ ನುಗ್ಗಿದಳು.

“ಸರ್, ನಾನು ಬರೆದದ್ದು ಇದಲ್ಲ.”

“ಅದೇ ಅಲ್ಲವೇನಮ್ಮ? ಬೇಗ ಬಿತ್ತಿದರೆ ಒಳ್ಳೇದು ಅಂತ ತಾನೇ ನಿನ್ನ ಪ್ರಯೋಗ ಹೇಳೋದು?” ನಿರ್ದೇಶಕರು ಕೆಟ್ಟವರೇನಲ್ಲ. ಮೆತ್ತಗೆ ಮಾತಾಡುವ, ಯಾರ ಮನಸ್ಸನ್ನೂ ನೋಯಿಸದ, ಹಾಗಾಗಿಯೇ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದ ಮನುಷ್ಯ.

“ನಿಧಾನವಾಗಿ ಬೆಳೆಯೋ ತಳಿಯನ್ನ ಮಾತ್ರ ಬೇಗ ಬಿತ್ತಬಹುದು ಅಂತ ಬರೆದಿದ್ದೆ. ಚುರುಕು ತಳಿ ಆದರೆ ಕಾಯಬೇಕು ಅಂತ ಬರೆದಿದ್ದೆ. ಮಣ್ಣಿನ ಕಾವು ಇಳಿದಿದೆಯಾ ನೋಡಿಕೊಳ್ಳಿ ಅಂತ ಬರೆದಿದ್ದೆ. ಅದೆಲ್ಲ ಎಲ್ಲಿ ಹೋಯಿತು?”

“ಅಷ್ಟೆಲ್ಲ ಓದೋಕೆ ರೈತರಿಗೆ ಪುರುಸೊತ್ತು ಎಲ್ಲಿದೆ? ಒಂದೇ ಸಾಲು ಇರಬೇಕು. ನೋಡಿದ ಕೂಡಲೇ ಮನಸ್ಸಿಗೆ ನಾಟಬೇಕು.”

“ಇದು ಅರ್ಧ ಸಾಲು ಸರ್.”

“ಮುಂದಿನ ವರ್ಷ ಉಳಿದರ್ಧ ಹಾಕೋಣ ಬಿಡು,” ಎಂದು ಅವರು ನಕ್ಕು, ಗಂಟಲು ಸರಿಮಾಡಿಕೊಂಡು, ಫೋನ್ ಎತ್ತಿಕೊಂಡರು. ಫೋನ್ ಬಂದೇ ಇರಲಿಲ್ಲ.

ಹೊರಗೆ ಬಂದು ಅವಳು ಜೇಬಿನಲ್ಲಿದ್ದ ಥರ್ಮಾಮೀಟರನ್ನು ಮುರಿದು ಹೋಗುವಷ್ಟು ಬಿಗಿಯಾಗಿ ಹಿಡಿದು ನಿಂತಳು. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜಾಗದಲ್ಲಿ ಅವಳು ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಇಟ್ಟುಕೊಳ್ಳುತ್ತಿದ್ದಳು. ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವಳು ‘ಥರ್ಮಾಮೀಟರ್ ಮೇಡಂ’.

ಅವಳ ಕೆಲಸವನ್ನು ಹೇಳಲು ಹೊರಟರೆ ಸುಲಭ, ಮಾಡಲು ಹೊರಟರೆ ತಲೆನೋವು. ಒಂದೇ ಗೋಧಿಯನ್ನು ಬೇಗ, ಸರಿಯಾದ ಹೊತ್ತಿಗೆ, ತಡವಾಗಿ, ಹೀಗೆ ಮೂರು ಸಲ ಬೇರೆ ಬೇರೆ ತಾಕುಗಳಲ್ಲಿ ಬಿತ್ತಬೇಕು. ಚಳಿ, ಸೆಕೆ ಅದನ್ನು ಏನು ಮಾಡುತ್ತವೆ ಎಂದು ಸುಗ್ಗಿಯ ತನಕ ಕಾದು ನೋಡಬೇಕು. ಗೋಧಿ ದಿನಗಳನ್ನು ಲೆಕ್ಕ ಹಾಕುವುದಿಲ್ಲ, ತನ್ನ ಮೈಗೆ ತಾಗಿದ ಕಾವನ್ನು ಲೆಕ್ಕ ಹಾಕುತ್ತದೆ. ಬೆಚ್ಚಗಿದ್ದರೆ ದಾಪುಗಾಲು, ತಣ್ಣಗಿದ್ದರೆ ಆಮೆ ನಡಿಗೆ. ಅದರಲ್ಲೂ ತಳಿಯಿಂದ ತಳಿಗೆ ಸ್ವಭಾವ ಬೇರೆ. ಅವಳ ತಾಕುಗಳಲ್ಲಿ ಎರಡು ತಳಿಗಳಿದ್ದವು. ಅವಕ್ಕೆ ದೊಡ್ಡ ದೊಡ್ಡ ಸಂಖ್ಯೆಯ ಹೆಸರುಗಳಿದ್ದರೂ ಅವಳು ಕರೆಯುತ್ತಿದ್ದದ್ದು ‘ಅವಸರಿ’, ‘ಸೋಮಾರಿ’ ಎಂದು. ಅವಸರಿಗೆ ಮಣ್ಣು ಒಂದಿಷ್ಟು ಬೆಚ್ಚಗಿದ್ದರೆ ಸಾಕು, ಹಿಂದೆ ಮುಂದೆ ನೋಡದೆ ತೆನೆಯ ಕಡೆಗೆ ಓಡುತ್ತದೆ. ಸೋಮಾರಿ ಹಾಗಲ್ಲ. ಸಾಕಷ್ಟು ಚಳಿ ಮೈಗೆ ತಾಗುವ ತನಕ ಅದು ತೆನೆಯ ಯೋಚನೆಯನ್ನೇ ಮಾಡುವುದಿಲ್ಲ. ನೆಲಕ್ಕೆ ಅಂಟಿಕೊಂಡು, ಬುಡದಲ್ಲಿ ತೆಂಡೆ, ಅಂದರೆ ಮರಿಕಾಂಡ, ಒಡೆಯುತ್ತ, ಹಾಯಾಗಿ ಕೂತಿರುತ್ತದೆ.

ಆ ವರ್ಷ ಮೊದಲ ಬಿತ್ತನೆ ಸುಸೂತ್ರವಾಗಿ ನಡೆಯಿತು. ಎಡವಟ್ಟಾದದ್ದು ಎರಡನೆಯದಕ್ಕೆ. ಮಣ್ಣು ಹದವಾಗಿತ್ತು, ಕಾವು ಬೇಕಾದಷ್ಟು ಇಳಿದಿತ್ತು, ಬೀಜ ತೂಗಿ ಇಟ್ಟಾಗಿತ್ತು. ಬೀಜ ಬಿತ್ತುವ ಕೂರಿಗೆಯೂ ಶೆಡ್ಡಿನಲ್ಲಿತ್ತು. ಅದನ್ನು ಎಳೆಯುವ ಟ್ರ್ಯಾಕ್ಟರ್ ಮಾತ್ರ ಇರಲಿಲ್ಲ.

“ಟ್ರ್ಯಾಕ್ಟರ್ ಎಲ್ಲಿ?”

“ಮೈದಾನ ಸಮ ಮಾಡೋಕೆ ಹೋಗಿದೆ ಮೇಡಂ. ದೊಡ್ಡೋರು ಬರ್ತಾರಂತೆ, ಶಾಮಿಯಾನ ಹಾಕಬೇಕಂತೆ,” ಎಂದ ಡ್ರೈವರ್. ಯಾವ ಕೆಲಸ ಹೇಳಿದರೂ ‘ನಾಳೆ’ ಎನ್ನುತ್ತಿದ್ದ ಅವನಿಗೆ ನಾಳೆಪ್ಪ ಎಂಬ ಅಡ್ಡಹೆಸರು ಯಾವತ್ತೋ ಬಿದ್ದಿತ್ತು.

“ನನಗೆ ಇವತ್ತೇ ಬಿತ್ತಬೇಕು.”

“ನಾಳೆ ಬಿತ್ತೋಣ ಬಿಡಿ. ಒಂದು ದಿನಕ್ಕೆ ಗೋಧಿ ಏನು ಮುನಿಸಿಕೊಳ್ಳುತ್ತಾ?”

ನಾಳೆ ಬಂತು, ಟ್ರ್ಯಾಕ್ಟರ್ ಬರಲಿಲ್ಲ. ಮರುದಿನ ಟ್ರ್ಯಾಕ್ಟರ್ ಬಂತು, ಅದರ ಬೆನ್ನಿಗೇ ಮಳೆಯೂ ಬಂತು. ಕೆಸರು ಒಣಗಿ ಕೂರಿಗೆ ಇಳಿಯುವ ಹೊತ್ತಿಗೆ ಮೂರನೆಯ ಬಿತ್ತನೆಯ ಕಾಲವೇ ಎದುರಿಗೆ ಬಂದು ನಿಂತಿತ್ತು. ಶಾಮಿಯಾನದಲ್ಲಿ ಭಾಷಣ ಮಾಡಬೇಕಿದ್ದ ದೊಡ್ಡವರು ಕೊನೆಗೂ ಬರಲೇ ಇಲ್ಲ. ವರ್ಷವಿಡೀ ಯೋಚಿಸಿ ಹೂಡಿದ್ದ ಮೂರು ಬಿತ್ತನೆಯ ಪ್ರಯೋಗ ಎರಡೂಕಾಲು ಬಿತ್ತನೆಯದಾಗಿ ಮುಗಿಯಿತು. ಯಾರನ್ನು ಬೈಯಬೇಕು? ಬೈದರೂ ಕೇಳುವವರು ಯಾರು? ಅವಳು ಹಲ್ಲು ಕಚ್ಚಿಕೊಂಡು ತಾಕುಗಳಿಗೆ ಗೂಟ ಹೊಡೆದಳು.

ಗೂಟ ಹೊಡೆಯುತ್ತಿದ್ದಾಗಲೇ ಅಣ್ಣನ ಫೋನ್ ಬಂತು.

ಅಣ್ಣ ಇದ್ದದ್ದು ಅಲ್ಲಿಂದ ಅರ್ಧ ದಿನದ ಬಸ್ ದಾರಿಯಲ್ಲಿ. ಮನೆತನದ ಹೊಲ ನೋಡಿಕೊಂಡು ನೆಮ್ಮದಿಯಾಗಿದ್ದವನು. ಹಠಮಾರಿ ಎಂಬುದೊಂದು ಬಿಟ್ಟರೆ ಚಿನ್ನದಂಥ ಮನುಷ್ಯ. ಪ್ರತಿ ವರ್ಷ ಆಲೂಗಡ್ಡೆ ಕಿತ್ತ ಮೇಲೆಯೇ ಅವನು ಗೋಧಿ ಬಿತ್ತುತ್ತಿದ್ದ, ತಡವಾಗಿ. ಕಾಳು ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬಿಸಿಗಾಳಿ ಬೀಸಿ ಅವನ ಗೋಧಿ ಪ್ರತಿ ವರ್ಷ ಮುರುಟಿಕೊಳ್ಳುತ್ತಿತ್ತು. ಅವಳು ಪ್ರತಿ ವರ್ಷ ಹೇಳುತ್ತಿದ್ದಳು. ಅವನು ಪ್ರತಿ ವರ್ಷ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

“ಪುಟ್ಟೀ, ಈ ಸಲ ನಿನ್ನ ಮಾತು ಕೇಳಿದೀನಿ,” ಎಂದ ಅಣ್ಣ. ದನಿಯಲ್ಲಿ ಹಿಗ್ಗು ತುಳುಕುತ್ತಿತ್ತು. “ಆಲೂಗಡ್ಡೆ ಹಾಕಲೇ ಇಲ್ಲ. ಗೋಧಿ ಬಿತ್ತಿ ಎಷ್ಟೋ ದಿನ ಆಯಿತು. ಬೀಜದ ಅಂಗಡೀಲಿ ನಿಮ್ಮ ಆಫೀಸಿನ ಭಿತ್ತಿಪತ್ರ ನೋಡಿದೆ. ಕೆಳಗೆ ನಿನ್ನ ಹೆಸರು! ಅಂಗಡಿಯವನಿಗೆ ತೋರಿಸಿದೆ, ನೋಡಯ್ಯ, ನನ್ನ ತಂಗಿ ಅಂತ.”

ಅವಳು ಗೂಟ ಹೊಡೆಯುವುದನ್ನು ನಿಲ್ಲಿಸಿದಳು. “ಅಣ್ಣಾ, ಬೀಜ ಯಾವುದು?”

“ಬೀಜ ಗೋಧೀದು.”

“ತಮಾಷೆ ಸಾಕು. ಯಾವ ತಳಿ?”

“ಒಳ್ಳೇ ತಳಿ ಕಣೇ. ಮೊಳಕೆ ನೋಡಬೇಕು ನೀನು, ಒಂದೂ ಹುಸಿ ಹೋಗಿಲ್ಲ. ಇರು, ದನ ಹೊಲಕ್ಕೆ ನುಗ್ಗಿತು.” ಫೋನ್ ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಅವಳಿಗೂ ಆ ದಿನ ಮುಗಿಯದಷ್ಟು ಕೆಲಸವಿತ್ತು. ಅಂಗಡಿಯವನು ತಿಳಿದವನು, ಸೋಮಾರಿ ಬೀಜವನ್ನೇ ಕೊಟ್ಟಿರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಆ ವರ್ಷ ಚಳಿ ಬರಬೇಕಾದ ಕಾಲಕ್ಕೆ ಬರಲಿಲ್ಲ. ಹಗಲು ಸ್ವೆಟರ್ ಬೇಡವಾಗಿತ್ತು, ರಾತ್ರಿ ತೆಳು ಹೊದಿಕೆ ಸಾಕಾಗಿತ್ತು. ಜನ ಖುಷಿಯಾಗಿದ್ದರು. ಅವಳು ಮಾತ್ರ ಹೊತ್ತುಹೊತ್ತಿಗೂ ಹೋಗಿ, ಹವೆ ಅಳೆಯಲು ಕೇಂದ್ರದ ಅಂಗಳದಲ್ಲಿಟ್ಟಿದ್ದ ಬಿಳಿ ಪೆಟ್ಟಿಗೆಯೊಳಗಿನ ಥರ್ಮಾಮೀಟರ್ ನೋಡಿ ಬರುತ್ತಿದ್ದಳು. ಬೇಗ ಬಿತ್ತಿದ ತಾಕಿನಲ್ಲಿ ಅವಸರಿ ಆಗಲೇ ಗೆಣ್ಣು ಬಿಟ್ಟು ಮೇಲೇಳುತ್ತಿತ್ತು. ಪಕ್ಕದಲ್ಲೇ ಸೋಮಾರಿ ನೆಲ ಬಿಟ್ಟು ಏಳದೆ ಮಲಗಿತ್ತು. ಒಂದೇ ಮಣ್ಣು, ಒಂದೇ ದಿನದ ಬಿತ್ತನೆ. ನೋಡಿದವರು ಒಂದಕ್ಕೆ ಗೊಬ್ಬರ ಹಾಕಿ ಇನ್ನೊಂದನ್ನು ಉಪವಾಸ ಕೆಡವಿದ್ದಾರೆ ಎಂದುಕೊಳ್ಳಬೇಕು.

ಒಂದು ರಜೆಯ ದಿನ ಬಸ್ ಹತ್ತಿ ಅಣ್ಣನ ಊರಿಗೆ ಹೋದಳು.

ಹೊಲದ ಬದುವಿನ ಮೇಲೆ ಅಣ್ಣ ಮದುವೆಮನೆಯ ಯಜಮಾನನಂತೆ ನಿಂತಿದ್ದ. ಬೆಳೆ ತೊಡೆಯ ಎತ್ತರಕ್ಕೆ ಬಂದಿತ್ತು. ಕಡು ಹಸಿರು. ಗಾಳಿ ಬೀಸಿದರೆ ಹೊಲಕ್ಕೆ ಹೊಲವೇ ಅಲೆಯಾಗಿ ಓಡುತ್ತಿತ್ತು. ಪಕ್ಕದ ಹೊಲದ ಮೀಸೆ ಮಾವ, ಅಪ್ಪನ ಕಾಲದಿಂದಲೂ ನೆರೆಯವರು, ತಮ್ಮ ಹೊಲದಿಂದಲೇ ಕೂಗಿದರು: “ಏನಮ್ಮ, ನಿಮ್ಮಣ್ಣನ ಕೈಯಲ್ಲಿ ಜಾದೂ ಮಾಡಿಸಿದೆಯಲ್ಲ! ಅವನನ್ನ ನೋಡಿ ನಾನೂ ಬೇಗ ಬಿತ್ತಿದೆ.”

ಅವಳು ನಗಲು ನೋಡಿದಳು, ಆಗಲಿಲ್ಲ. ಬಗ್ಗಿ ಒಂದು ಗಿಡ ಕಿತ್ತು, ಕಾಂಡವನ್ನು ಉಗುರಿನಿಂದ ಸೀಳಿದಳು. ಒಳಗೆ, ಕೊನೆಯ ಎಲೆಯ ಸುರುಳಿಯಲ್ಲಿ, ಪುಟ್ಟ ತೆನೆ ಸಿದ್ಧವಾಗಿ ಕೂತಿತ್ತು. ಇನ್ನೊಂದು ಗಿಡ ಕಿತ್ತಳು. ಅದರಲ್ಲೂ ಅಷ್ಟೇ. ಹೊಲಕ್ಕೆ ಹೊಲವೇ ಹೊಡೆ ತುಂಬಿ ನಿಂತಿತ್ತು.

“ಇದು ಮನೆಯ ಬೀಜ ಅಲ್ವಾ ಅಣ್ಣ? ನಾನು ತಡವಾಗಿ ಬಿತ್ತೋಕೆ ಅಂತ ಒಂದು ವರ್ಷ ಕೊಟ್ಟಿದ್ದೆನಲ್ಲ, ಅದೇ ಚುರುಕು ತಳಿ?”

“ಹೌದು. ಅಂಗಡೀಲಿ ಹೊಸ ಬೀಜ ಮುಗಿದಿತ್ತು. ಮನೇಲಿ ಮೂಟೆಗಟ್ಟಲೆ ಇರುವಾಗ ಬೇರೆ ಯಾಕೆ? ಗೋಧಿ ಗೋಧೀನೇ ತಾನೇ?”

“ಗೋಧಿ ಗೋಧೀನೇ ಅಲ್ಲ!” ಅವಳ ದನಿ ತಾನಾಗಿಯೇ ಏರಿತು. “ಇದು ಬೇಗ ಬಿತ್ತೋ ತಳಿ ಅಲ್ಲ ಅಣ್ಣ. ಸೆಕೆ ಇತ್ತು ಅಂತ ಓಡಿಬಿಟ್ಟಿದೆ. ಇನ್ನೂ ಚಳಿ ಬಂದೇ ಇಲ್ಲ, ಆಗಲೇ ತೆನೆ ಹೊರಗೆ ಬರ್ತಾ ಇದೆ. ಹೂ ಬಿಡೋ ಹೊತ್ತಿಗೆ ಹಿಮ ಬಿದ್ದರೆ ಒಂದು ಕಾಳೂ ಕಟ್ಟಲ್ಲ.”

ಅಣ್ಣನ ಮುಖ ಬಾಡಿತು. ಮೊದಲು ಬಾಡಿತು, ಆಮೇಲೆ ಬಿಗಿಯಿತು. “ತಡವಾಗಿ ಬಿತ್ತಿದರೂ ಬೈತೀಯ, ಬೇಗ ಬಿತ್ತಿದರೂ ಬೈತೀಯ. ಬೆಳೆ ಇಷ್ಟು ಚೆನ್ನಾಗಿದ್ದರೂ ನಿನಗೆ ಸಮಾಧಾನ ಇಲ್ಲ. ನಿಮ್ಮ ಆಫೀಸಿನ ಗೋಡೆ ಮೇಲೇ ಬರೆದಿತ್ತಲ್ಲ? ಅದರಲ್ಲಿ ಎಲ್ಲಿತ್ತು ಈ ಚುರುಕು, ನಿಧಾನ?”

ನಾನು ಬರೆದಿದ್ದೆ, ಅವರು ತೆಗೆದರು ಎಂದು ಹೇಳಬಹುದಿತ್ತು. ಹೇಳಿ ಏನು ಮಾಡುವುದು? ಹೆಸರು ಅವಳದೇ ಇತ್ತಲ್ಲ.

“ಇನ್ನೂ ಎಳೆಯದಾಗಿದ್ದಾಗ ದನ ಬಿಟ್ಟು ಮೇಯಿಸಿದ್ದರೆ ತಡೆದು ನಿಲ್ಲಿಸಬಹುದಿತ್ತು,” ಎಂದಳು ಕೊನೆಗೆ. “ಈಗ ತೆನೆ ಮೇಲೆ ಬಂದುಬಿಟ್ಟಿದೆ, ಅದೂ ಆಗಲ್ಲ. ಚಳಿ ಜೋರಾಗಿ ಬರೋ ದಿನ ನಾನು ಫೋನ್ ಮಾಡ್ತೀನಿ. ಆವತ್ತು ನೀರು ಹಾಯಿಸು. ಒದ್ದೆ ಮಣ್ಣು ಹಗಲಿನ ಕಾವನ್ನ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೆ. ಪೂರ್ತಿ ಅಲ್ಲದಿದ್ದರೂ ಒಂದಿಷ್ಟು ಉಳಿಯಬಹುದು.”

“ಆಯಿತು, ಆಯಿತು,” ಎಂದ ಅಣ್ಣ. ಆ ಎರಡು ‘ಆಯಿತು’ಗಳನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಆಗುವುದಿಲ್ಲ ಎಂದೇ ಅವುಗಳ ಅರ್ಥ.

ಊಟಕ್ಕೆ ಕೂತಾಗ ಅಣ್ಣ ತಟ್ಟೆಯಿಂದ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ಅತ್ತಿಗೆ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, “ನಿಮ್ಮ ಮನೆತನಕ್ಕೆ ಮುಖ ಊದಿಸಿಕೊಳ್ಳೋದು ಹುಟ್ಟಿನಿಂದಲೇ ಬಂದಿದೆ. ಪಾತ್ರೆ ತೊಳೆಯೋ ತನಕ ಆದರೂ ಇಳಿಸಿಕೊಳ್ಳಿ,” ಎಂದಳು. ಯಾರೂ ನಗಲಿಲ್ಲ. ಹೊರಡುವಾಗ ಅತ್ತಿಗೆ ಬಸ್ ನಿಲ್ದಾಣದ ತನಕ ಬಂದು, ನೀರು ಯಾವ ಹೊತ್ತಿಗೆ ಬಿಡಬೇಕು, ಎಷ್ಟು ಬಿಡಬೇಕು ಎಂದು ಕೇಳಿ ತಿಳಿದುಕೊಂಡಳು.

ಚಳಿ ಬಂತು. ತಡವಾಗಿ ಬಂದದ್ದಕ್ಕೆ ಬಡ್ಡಿ ಸೇರಿಸಿಕೊಂಡೇ ಬಂತು. ಅಂದು ಮಧ್ಯಾಹ್ನವೇ ಆಕಾಶ ಒಂದು ಚೂರು ಮೋಡವಿಲ್ಲದೆ ತೊಳೆದಿಟ್ಟಂತಾಯಿತು. ಗಾಳಿ ನಿಂತಿತು. ಬಿಳಿ ಪೆಟ್ಟಿಗೆಯಲ್ಲಿ ಪಾದರಸ ನೋಡನೋಡುತ್ತಲೇ ಇಳಿಯುತ್ತಿತ್ತು. ಅವಳು ಅಣ್ಣನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಅತ್ತಿಗೆಗೆ ಮಾಡಿದಳು.

“ಅವರು ಮಾರುಕಟ್ಟೆಗೆ ಹೋಗಿದಾರೆ. ಫೋನ್ ಇಲ್ಲೇ ಮೇಜಿನ ಮೇಲೆ ಕುಣೀತಾ ಇದೆ, ಬೇಕು ಅಂತಲೇ ಬಿಟ್ಟು ಹೋಗಿದಾರೆ,” ಎಂದಳು ಅತ್ತಿಗೆ. “ಇವತ್ತೇನಾ?”

“ಇವತ್ತೇ ಅತ್ತಿಗೆ. ಕತ್ತಲಾಗೋದರೊಳಗೆ ಮಣ್ಣು ನೆನೆಯಬೇಕು.”

“ಪಂಪ್ ನಾನೇ ಹಾಕ್ತೀನಿ. ಎಷ್ಟು ಹರಿಯುತ್ತೋ ಅಷ್ಟು.”

ಪಂಪಿನ ಪಕ್ಕದಲ್ಲಿದ್ದ ಹೊಲದ ಮೇಲಿನ ಪಟ್ಟಿ ನೆನೆಯುವಷ್ಟರಲ್ಲಿ ಕರೆಂಟು ಹೋಯಿತು. ಅಷ್ಟೇ ಆದದ್ದು.

ಬೆಳಿಗ್ಗೆ ಕೇಂದ್ರಕ್ಕೆ ಬಂದಾಗ ಹುಲ್ಲಿನ ಮೇಲೆಲ್ಲ ಸಕ್ಕರೆ ಚೆಲ್ಲಿದಂತೆ ಹಿಮ. ಕಾಲಿಟ್ಟರೆ ಕರಕರ ಸದ್ದು. ಅವಳು ನೇರವಾಗಿ ತಾಕಿಗೆ ಹೋದಳು. ಸೋಮಾರಿ ನೆಲಕ್ಕಂಟಿಕೊಂಡು ಸುಖವಾಗಿತ್ತು. ಅದರ ತೆನೆಯ ಕುಡಿ ಇನ್ನೂ ಬುಡದಲ್ಲಿ, ಮಣ್ಣಿನ ಬೆಚ್ಚಗಿನ ಮಗ್ಗುಲಲ್ಲಿತ್ತು. ಆಗ ತಾನೇ ತೆನೆ ಹೊರಹಾಕಿದ್ದ ಅವಸರಿಯ ಎಲೆಗಳ ಮೇಲೆ ಹಿಮ ಹೊಳೆಯುತ್ತಿತ್ತು. ತಾನು ಬರೆದ ನಾಲ್ಕೂ ವಾಕ್ಯ ನಿಜವಾಗಿದ್ದವು. ಒಬ್ಬ ಸಂಶೋಧಕಿಗೆ ಅದಕ್ಕಿಂತ ಇನ್ನೇನು ಬೇಕು? ಅವಳಿಗೆ ಆ ಗೂಟಗಳನ್ನೆಲ್ಲ ಕಿತ್ತು ಎಸೆಯಬೇಕು ಅನ್ನಿಸಿತು.

ವಾರ ಕಳೆದು ಅಣ್ಣನ ಹೊಲಕ್ಕೆ ಹೋದಳು. ಈ ಸಲ ಅಣ್ಣ ಬದುವಿನ ಮೇಲೆ ಕಾದು ನಿಂತಿರಲಿಲ್ಲ. ಹೊಲದ ನಡುವೆ ಇದ್ದ.

“ಬಾ, ನೋಡು. ಏನಾಗಿದೆ ಹೇಳು?” ಎಂದ. “ಎಲ್ಲ ಹಸಿರಾಗೇ ಇದೆ. ತೆನೆ ನೆಟ್ಟಗೆ ನಿಂತಿದೆ. ಸುಮ್ಮಸುಮ್ಮನೆ ಹೆದರಿಸಿದೆ ನನ್ನನ್ನ.”

ನಿಜ, ರಸ್ತೆಯಿಂದ ನೋಡಿದವರಿಗೆ ಏನೂ ಆಗಿರಲಿಲ್ಲ. ಅವಳು ಒಂದು ತೆನೆ ಮುರಿದು, ಸೂಜಿಯಿಂದ ಒಂದೊಂದೇ ಹೂವು ಬಿಡಿಸಿದಳು. ಹಳದಿಯಾಗಿ ಪುಡಿ ತುಂಬಿರಬೇಕಾದ ಕೇಸರಗಳು ಬಿಳಿಚಿ ದಾರದಂತೆ ಒಣಗಿದ್ದವು. ಕಾಳಾಗಬೇಕಾದದ್ದು ಸುಕ್ಕುಗಟ್ಟಿ, ಸಾಸಿವೆಗಿಂತ ಸಣ್ಣದಾಗಿ, ಮೂಲೆಯಲ್ಲಿ ಮುದುಡಿತ್ತು. ಹತ್ತು ಹೆಜ್ಜೆ ನಡೆದು ಇನ್ನೊಂದು ತೆನೆ ಬಿಡಿಸಿದಳು. ಅದೂ ಹಾಗೇ. ಅತ್ತಿಗೆಯೂ ಹೊಲಕ್ಕಿಳಿದು ಪಕ್ಕಕ್ಕೆ ಬಂದಳು.

ಅತ್ತಿಗೆ ಒಂದು ತೆನೆ ಕಿತ್ತು ಸೂರ್ಯನಿಗೆ ಅಡ್ಡ ಹಿಡಿದಳು. ಬೆಳಕು ಸಿಪ್ಪೆಯ ಆಚೆಯಿಂದ ಈಚೆಗೆ ತಡೆಯಿಲ್ಲದೆ ಹಾದುಬಂತು.

“ಜೊಳ್ಳು,” ಎಂದಳು ಅತ್ತಿಗೆ. “ರೀ, ಇದರಲ್ಲಿ ಏನೂ ಇಲ್ಲ.”

ಅಣ್ಣ ಅವಳ ಕೈಯಿಂದ ತೆನೆ ಕಸಿದುಕೊಂಡು ತಾನೂ ಹಿಡಿದು ನೋಡಿದ. ನೋಡಿದ, ನೋಡುತ್ತಲೇ ಇದ್ದ. ಕೆಳಗೆ ಹಾಕಿ, ಇನ್ನೊಂದು ಕಿತ್ತ. ಹಾಗೆ ಎಷ್ಟು ತೆನೆ ಕಿತ್ತನೋ! ಆಮೇಲೆ ಬದುವಿನ ಮೇಲೆ ಕುಸಿದು ಕೂತ.

“ನೀನು ಬೇಗ ಬಿತ್ತು ಅಂದೆ. ಬಿತ್ತಿದೆ,” ಎಂದ.

“ನಾನು ಈ ಬೀಜ ಬಿತ್ತು ಅನ್ನಲಿಲ್ಲ.”

“ಬೀಜದ ಮಾತು ಯಾವಾಗ ಹೇಳಿದೆ? ಬಿತ್ತಿದ ಮೇಲೆ ತಾನೇ?”

“ನೀನು ಬಿತ್ತಿದ ಮೇಲೆ ತಾನೇ ನನಗೆ ಹೇಳಿದ್ದು? ಮೊದಲೇ ಒಂದು ಮಾತು ಕೇಳಬಹುದಿತ್ತಲ್ಲ! ವರ್ಷ ವರ್ಷ ಬಡ್ಕೊಂಡಾಗ ಕೇಳಲಿಲ್ಲ, ಆ ಹಲ್ಲುಗಿಂಜುವವನ ಚಿತ್ರ ನೋಡಿ ಕೇಳಿದೆ! ಅವನ ಹಿಂದಿರೋದು ಗೋಧಿ ಕೂಡ ಅಲ್ಲ, ಬಾರ್ಲಿ!”

“ಅವನ ಕೆಳಗೆ ಇದ್ದದ್ದು ನಿನ್ನ ಹೆಸರು,” ಎಂದ ಅಣ್ಣ. “ಅದನ್ನ ನೋಡಿ ಕೇಳಿದೆ.”

ಇಬ್ಬರ ಮಾತೂ ನಿಜ. ಅದೇ ಅವಳಿಗೆ ಸಹಿಸಲಾಗದ್ದು. ಯಾರಾದರೊಬ್ಬರು ತಪ್ಪಿದ್ದರೆ ಜಗಳವಾದರೂ ಸಲೀಸಾಗಿ ಆಗುತ್ತಿತ್ತು. ಕಣ್ಣು ತುಂಬಿ ಬಂದವು. ಸಿಟ್ಟಿಗೂ ಹಾಗೇ ಬರುತ್ತವೆ ಎಂದು ತೋಳಿನಿಂದ ಒರೆಸಿಕೊಂಡಳು.

“ಈಗ ಏನು ಮಾಡೋದು ಹೇಳಿ,” ಎಂದಳು ಅತ್ತಿಗೆ. “ಯಾರು ಯಾವಾಗ ಏನು ಹೇಳಿದರು ಅನ್ನೋದನ್ನ ಮನೇಲಿ ಕೂತು ಮಾತಾಡಬಹುದು.”

“ಈಗಲೇ ಕೊಯ್ದುಬಿಡಬೇಕು ಅತ್ತಿಗೆ. ಹಸಿರಾಗಿರುವಾಗಲೇ. ದನಕ್ಕೆ ಒಳ್ಳೆ ಮೇವಾಗುತ್ತೆ. ಕಾಯ್ತಾ ಕೂತರೆ ಬರೀ ಒಣಹುಲ್ಲು.”

“ನಿಂತ ಬೆಳೆ ಕೊಯ್ಯಬೇಕಾ?” ಅಣ್ಣನ ದನಿ ಒಡೆಯಿತು. “ಊರು ನಗುತ್ತೆ.”

“ಮೇಲಿನ ಪಟ್ಟಿ ಕೊಯ್ಯಬೇಡ ಅಣ್ಣ. ನೀರು ಹರಿದ ಜಾಗ. ಅಲ್ಲಿ ಅರ್ಧದಷ್ಟಾದರೂ ಕಾಳು ಕಟ್ಟಿದೆ, ಬರೋ ದಾರೀಲಿ ನೋಡಿಕೊಂಡು ಬಂದೆ.”

ಅಣ್ಣ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ. ಅವಳು ಬೇರೆಲ್ಲೋ ನೋಡುತ್ತಿದ್ದಳು. ಮಾರುಕಟ್ಟೆಗೆ ಹೋದ ದಿನದ ಮಾತನ್ನು ಅವಳು ಆವತ್ತೂ ಎತ್ತಿರಲಿಲ್ಲ, ಈಗಲೂ ಎತ್ತಲಿಲ್ಲ. ಅಣ್ಣನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿರಬೇಕು. ಎದ್ದು ಹೋಗಿ ಕುಡುಗೋಲು ತಂದ.

ಮೀಸೆ ಮಾವನ ಹೊಲದ್ದೂ ಅದೇ ಕಥೆ. ಅವರು ಬೈಯಲಿಲ್ಲ. “ನಿನ್ನನ್ನ ಎತ್ತಿ ಆಡಿಸಿದೋನು ನಾನು, ನಿನಗೆ ಏನು ಹೇಳಲಿ,” ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಅವಳು ನಿರ್ದೇಶಕರ ಮೇಜಿನ ಮೇಲೆ ಎರಡು ಕಟ್ಟು ಇಟ್ಟಳು. ಅಣ್ಣನ ಹೊಲದ ತೆನೆಗಳು ಒಂದು, ಕೇಂದ್ರದ ತಾಕಿನ ಅವಸರಿಯ ತೆನೆಗಳು ಇನ್ನೊಂದು.

“ಬಿಡಿಸಿ ನೋಡಿ ಸರ್.”

“ಹಿಮ ಬಿದ್ದರೆ ನಾವೇನು ಮಾಡೋಕಾಗುತ್ತಮ್ಮ? ಪ್ರಕೃತಿ.”

“ಹಿಮ ಪ್ರತಿ ವರ್ಷ ಬೀಳುತ್ತೆ ಸರ್. ಗೋಧಿ ತೆನೆ ಪ್ರತಿ ವರ್ಷ ಅದಕ್ಕೆ ಎದುರಾಗಿ ನಿಂತಿರಲ್ಲ. ನಾವು ನಿಲ್ಲಿಸಿದ್ದು. ಭಿತ್ತಿಪತ್ರ ತೆಗೆಸಿ.”

ನಿರ್ದೇಶಕರು ಒಂದು ತೆನೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಅವರೂ ಒಂದು ಕಾಲದಲ್ಲಿ ಕೆಸರು ತುಳಿದವರೇ. ಸಿಪ್ಪೆ ಬಿಡಿಸುವ ಕೈಚಳಕ ಇನ್ನೂ ಮರೆತಿರಲಿಲ್ಲ. ಒಂದು ಬಿಡಿಸಿದರು, ಎರಡು ಬಿಡಿಸಿದರು. ಮುಖದ ಮೇಲಿನ ಮೆತ್ತನೆಯ ನಗು ಮೆಲ್ಲಗೆ ಇಳಿಯಿತು.

“‘ಸಕಾಲದಲ್ಲಿ ಬಿತ್ತಿ’ ಅಂತ ಬದಲಾಯಿಸೋಣವೇ?” ಎಂದರು.

ಅವಳಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. “ಸಕಾಲ ಅಂದರೆ ಯಾವುದು ಸರ್? ಯಾರ ಸಕಾಲ? ತಳಿಗೆ ತಕ್ಕಂತೆ ಬೇರೆ ಬೇರೆ. ತಳಿಯ ಹೆಸರು ಹಾಕಲೇಬೇಕು.”

ಒಂದು ಗಂಟೆ ಹಗ್ಗಜಗ್ಗಾಟವಾಯಿತು. ಕೊನೆಗೆ ಎರಡು ವಾಕ್ಯಕ್ಕೆ ಒಪ್ಪಿದರು. ಎರಡರಲ್ಲೂ ತಳಿಯ ಹೆಸರಿತ್ತು. ಅಚ್ಚಾಗುವುದು ಮಾತ್ರ ಮುಂದಿನ ಹಂಗಾಮಿಗೆ, ಹಣ ಮಂಜೂರಾದ ಮೇಲೆ. ಹಳೆಯದನ್ನು ತೆಗೆಯುವ ಕೆಲಸ ಯಾರದು ಎಂದರೆ, ಅದಕ್ಕೊಂದು ವಿಭಾಗವೇ ಇರಲಿಲ್ಲ. ಅವಳು ರಜೆ ಹಾಕಿ, ಬಸ್ ಹತ್ತಿ, ಅಂಗಡಿಯಿಂದ ಅಂಗಡಿಗೆ ಅಲೆದು ತಾನೇ ಕಿತ್ತಳು. ಅಣ್ಣನ ಊರಿನ ಬೀಜದ ಅಂಗಡಿಯವನು, “ಕೀಳಬೇಡಿ ಮೇಡಂ, ಗೋಡೆ ಬಣ್ಣ ಎದ್ದು ಬರುತ್ತೆ,” ಎಂದು ಅಡ್ಡ ನಿಂತ. ಅವಳು ಅವನದೇ ಮಾರ್ಕರ್ ಇಸಿದುಕೊಂಡು, ನಗುವ ರೈತನ ಇಸ್ತ್ರಿ ಅಂಗಿಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಳು: ‘ಚುರುಕು ತಳಿಯನ್ನು ಬೇಗ ಬಿತ್ತಬೇಡಿ.’ ಅಂಗಡಿಯವನು ಓದಿ, “ಹಾಗಾದರೆ ನನ್ನ ಹತ್ತಿರ ಇರೋ ಬೀಜ ಯಾರು ತಗೋತಾರೆ?” ಎಂದ. “ಚಳಿ ಹಿಡಿದ ಮೇಲೆ ಬಿತ್ತೋರು ತಗೋತಾರೆ,” ಎಂದು ಸಿಡುಕಿ ಹೊರಬಂದಳು.

ಚಳಿ ಹೋಯಿತು, ಸೆಕೆ ಬಂತು. ಕೇಂದ್ರದಲ್ಲಿ ತಡವಾಗಿ ಬಿತ್ತಿದ ತಾಕುಗಳು ಕಾಳು ತುಂಬಿಕೊಳ್ಳುತ್ತಿದ್ದಾಗಲೇ ಬಿಸಿಗಾಳಿ ಎದ್ದು, ಹಸಿರು ತೆನೆಗಳು ನೋಡನೋಡುತ್ತ ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಅಂಥ ಒಂದು ಮಧ್ಯಾಹ್ನ ತಾಕಿನ ಬದಿಯಲ್ಲಿ ಯಾರೋ ನಿಂತಂತಾಯಿತು. ತಿರುಗಿದರೆ ಅಣ್ಣ. ಕೇಂದ್ರಕ್ಕೆ ಅವನು ಯಾವತ್ತೂ ಬಂದವನಲ್ಲ.

“ಈ ಕಡೆ ಕೆಲಸ ಇತ್ತು,” ಎಂದ. ಈ ಕಡೆ ಅವನಿಗೆ ಯಾವ ಕೆಲಸವೂ ಇರುವುದು ಸಾಧ್ಯವಿರಲಿಲ್ಲ. ಅವಳು ಕೇಳಲಿಲ್ಲ.

ತಾಕಿನಿಂದ ತಾಕಿಗೆ ಕರೆದುಕೊಂಡು ಹೋದಳು. ಬೇಗ ಬಿತ್ತಿದ ಅವಸರಿ: ಒಂಟೊಂಟಿ ಕಾಳು. ತಡವಾಗಿ ಬಿತ್ತಿದ ಅವಸರಿ: ಕಾಳು ಲೆಕ್ಕಕ್ಕೆ ತುಂಬಾ, ಆದರೆ ಜೀರಿಗೆಯಂತೆ ಸಣ್ಣಗೆ. ಬೇಗ ಬಿತ್ತಿದ ಸೋಮಾರಿಯ ತೆನೆಯನ್ನು ಅಣ್ಣ ಅಂಗೈಯಲ್ಲಿ ಉಜ್ಜಿ ಊದಿದ. ಹೊಟ್ಟು ಹಾರಿ, ದುಂಡು ಕಾಳುಗಳು ಅಂಗೈ ತುಂಬ ಉಳಿದವು. ಒಂದನ್ನು ಬಾಯಿಗೆ ಹಾಕಿ ಕಟುಂ ಎಂದು ಕಡಿದ.

“ನಮ್ಮ ಮೇಲಿನ ಪಟ್ಟಿ ಕೊಯ್ದೆವು,” ಎಂದ ಅಗಿಯುತ್ತ. “ಮನೆಗೆ ಸಾಕಾಗುವಷ್ಟು ಬಂತು. ನಿಮ್ಮತ್ತಿಗೆ ಊರೆಲ್ಲ ಹೇಳಿಕೊಂಡು ಬರ್ತಾಳೆ, ಅದು ನನ್ನ ಗೋಧಿ, ಅವರ ಗೋಧಿ ದನ ತಿಂತು ಅಂತ.”

ಅವಳಿಗೆ ನಗು ಬಂತು. ತಡೆದುಕೊಂಡಳು.

“ಮತ್ತೆ ಈ ಸಲಕ್ಕೆ…” ಅಣ್ಣ ಕೆಮ್ಮಿದ. “ಅರ್ಧ ಹೊಲಕ್ಕೆ ಈ ಬೀಜ ಕೊಡು. ಇನ್ನರ್ಧಕ್ಕೆ ಆಲೂಗಡ್ಡೆ ಹಾಕಿ, ಆಮೇಲೆ ನನ್ನದೇ ಬೀಜ ಬಿತ್ತೀನಿ.”

“ತಡವಾಗಿ? ಮತ್ತೆ ಬಿಸಿಗಾಳಿಗೆ ಸಿಗುತ್ತೆ ಅಣ್ಣ! ಈಗ ತಾನೇ ತೋರಿಸಿದೆನಲ್ಲ!”

“ನೋಡಿದೆ.”

“ನೋಡಿಯೂ?”

“ನೋಡಿಯೂ. ಆಲೂಗಡ್ಡೆ ಬಿಡೋಕಾಗಲ್ಲ ಪುಟ್ಟಿ. ಹೋದ ಸಲ ಬಿಟ್ಟು ನೋಡಿದೆನಲ್ಲ.”

ಅದಕ್ಕೆ ಅವಳ ಬಳಿ ಇದ್ದದ್ದೆಲ್ಲ ಮತ್ತೊಂದು ಜಗಳ ಮಾತ್ರ. ಆಲೂಗಡ್ಡೆಯನ್ನೇ ಸ್ವಲ್ಪ ಬೇಗ ಕಿತ್ತರೆ ಹೇಗೆ, ಬೇಗ ಬಲಿಯುವ ಆಲೂಗಡ್ಡೆ ಯಾವುದು ಎಂದು ಅವಳು ಶುರು ಮಾಡಿದಳು. ಅಣ್ಣ ‘ಆಯಿತು, ಆಯಿತು’ ಎನ್ನದೆ, “ಅದಕ್ಕೆ ನಿಮ್ಮಲ್ಲಿ ಬೇರೆ ಆಫೀಸು ಇದೆಯಾ?” ಎಂದು ಕೇಳಿದ. ಇತ್ತು. ಎರಡು ಕಟ್ಟಡ ಆಚೆ. ಊಟದ ವಿರಾಮ ಮುಗಿದು ಆ ವಿಭಾಗದವರು ಬಂದಿರುತ್ತಾರೋ ಇಲ್ಲವೋ ಎಂದು ಗೊಣಗುತ್ತ ಅವಳು ಮುಂದೆ ನಡೆದಳು. ಅಣ್ಣ ಅಂಗೈಯಲ್ಲಿ ಉಳಿದಿದ್ದ ಕಾಳುಗಳನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಹಿಂದೆಯೇ ಬಂದ.